ಬೆಂದ್ರ್ ತೀರ್ಥದಿಂದ ಬೇಕಲದವರೆಗೆ: ಗಡಿಯ ಎರಡು ಬದಿಯ ಬಿಸಿನೀರು ಮತ್ತು ಹಳೆಗೋಟೆಗಳು

ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ ನೆಲದಡಿಯಿಂದ ತಾನಾಗಿಯೇ ಬಿಸಿನೀರು ಉಕ್ಕುವ ಒಂದು ತೀರ್ಥವಿದೆ. ಕಾಸರಗೋಡು ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿ, ಕಡಲಿಗೆ ಚಾಚಿದ ಬಂಡೆಯ ಮೇಲೆ ಬೇಕಲ ಕೋಟೆಯಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬರುವ ತನಕ ಇವೆರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅಂದಿನಿಂದ ತೀರ್ಥವು ಒಂದು ರಾಜ್ಯದ ಪ್ರವಾಸಿ ನಕ್ಷೆಗೂ ಕೋಟೆಯು ಇನ್ನೊಂದು ರಾಜ್ಯದ ಪ್ರವಾಸಿ ನಕ್ಷೆಗೂ ಸೇರಿದವು. ಆದರೆ ನೆಲದ ಕಲ್ಲಾಗಲಿ, ಕಲ್ಲಿನಡಿಯ ನೀರಾಗಲಿ, ಆ ಕಲ್ಲು ನೀರುಗಳಿಗೆ ಹೆಸರಿಟ್ಟ ಜನರ ಮಾತಾಗಲಿ ಹಾಗೆ ವಿಂಗಡಣೆಯಾಗಲಿಲ್ಲ.

ಈ ಲೇಖನವು ಆ ಎರಡು ತುದಿಗಳ ನಡುವಿನ ಪಯಣಕ್ಕೆ ಒಂದು ಕೈಪಿಡಿ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು, ಅಧ್ಯಾಪಕರು ಮತ್ತು ಪೋಷಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಸಿದ್ಧಪಡಿಸಿದ್ದೇವೆ. ಪ್ರತಿವರ್ಷ ಶಾಲಾ ಪ್ರವಾಸವೆಂದರೆ ದೂರದ ಊರುಗಳ ಹೆಸರುಗಳೇ ಮೊದಲು ಬರುತ್ತವೆ. ಮನೆಯಂಗಳದಲ್ಲಿರುವುದನ್ನು ನೋಡದೆಯೇ ಮಕ್ಕಳು ಹತ್ತನೆಯ ತರಗತಿ ಮುಗಿಸುತ್ತಾರೆ. ಈ ಕೊರತೆ ನೀಗಬೇಕೆಂಬುದು ನಮ್ಮ ಆಶಯ.

ಬಿಸಿನೀರು ಎಲ್ಲಿಂದ ಬರುತ್ತದೆ

ಬಿಸಿನೀರಿನ ಬುಗ್ಗೆಯೆಂದರೆ ಅದರಡಿಯಲ್ಲಿ ಜ್ವಾಲಾಮುಖಿ ಇರಲೇಬೇಕೆಂಬ ತಿಳುವಳಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಭೂಮಿಯ ಒಳಕ್ಕೆ ಇಳಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಮಳೆಯ ನೀರು ಬಂಡೆಯ ಆಳವಾದ ಬಿರುಕುಗಳ ಮೂಲಕ ಕೆಳಗಿಳಿದು, ಅಲ್ಲಿನ ಶಾಖವನ್ನು ಹೀರಿ, ಇನ್ನೊಂದು ಬಿರುಕಿನ ಮೂಲಕ ತಣಿಯಲು ಸಮಯ ಸಿಗದಷ್ಟು ಬೇಗನೆ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ದಾರಿಯಲ್ಲಿ ಕಲ್ಲಿನ ಖನಿಜಗಳು ನೀರಿನಲ್ಲಿ ಕರಗುತ್ತವೆ. ಅನೇಕ ಬುಗ್ಗೆಗಳಲ್ಲಿ ಬರುವ ಗಂಧಕದ ವಾಸನೆಗೆ ಕಾರಣವಿದು.

ಭಾರತದಲ್ಲಿ ಇಂತಹ ಬುಗ್ಗೆಗಳು ಮುನ್ನೂರಕ್ಕೂ ಹೆಚ್ಚು ಇವೆ. ಹಿಮಾಲಯದ ಮಣಿಕರಣ, ಲಡಾಖಿನ ಪೂಗಾ, ಬಿಹಾರದ ರಾಜಗೀರ್ ಪ್ರಸಿದ್ಧವಾದವು. ಪಶ್ಚಿಮ ಕರಾವಳಿಯಲ್ಲಿ ಮಹಾರಾಷ್ಟ್ರದ ವಜ್ರೇಶ್ವರಿ, ಗಣೇಶಪುರಿಯಿಂದ ರಾಜಾಪುರದವರೆಗೆ ಕೊಂಕಣದುದ್ದಕ್ಕೂ ಒಂದು ಸಾಲೇ ಇದೆ. ಅಲ್ಲಿಂದ ದಕ್ಷಿಣಕ್ಕೆ ಬಂದಂತೆ ಬಿಸಿನೀರು ಅಪರೂಪವಾಗುತ್ತದೆ. ಆದುದರಿಂದಲೇ ಇರ್ದೆಯ ತೀರ್ಥಕ್ಕೆ ಅದರ ಗಾತ್ರಕ್ಕಿಂತ ಹೆಚ್ಚಿನ ಮಹತ್ವವಿದೆ.

ಬೆಂದ್ರ್ ತೀರ್ಥ

ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಬೆಂದ ನೀರು ಎಂಬುದೇ ಕೂಡಿ ಬೆಂದ್ರ್ ಆಗಿದೆ. ಇಂದು ಪ್ರವಾಸಿ ಬರಹಗಳಲ್ಲಿ ಇದು ‘ಬೇಂದ್ರೆ ತೀರ್ಥ’ ಎಂದಾಗಿರುವುದನ್ನು ಕಾಣುತ್ತೇವೆ. ಓದಿದವರು ವರಕವಿಗೂ ಈ ತೀರ್ಥಕ್ಕೂ ಏನೋ ನಂಟಿದೆಯೆಂದು ತಿಳಿದರೆ ತಪ್ಪು ಅವರದಲ್ಲ. ಇಂಗ್ಲಿಷಿನಲ್ಲಿ ಬರೆದು ಮತ್ತೆ ಕನ್ನಡಕ್ಕೆ ತಂದಾಗ ತುಳುವಿನ ಕಿರುಸ್ವರ ಕಳೆದುಹೋಯಿತು. ಅದರೊಡನೆ ಹೆಸರಿನ ಅರ್ಥವೂ ಹೋಯಿತು.

ತೀರ್ಥವು ಪುತ್ತೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಸೀರೆ ಹೊಳೆಯ ಬದಿಯಲ್ಲಿ, ಅಡಿಕೆ ತೋಟಗಳ ನಡುವೆ ಇದೆ. ಕಾಸರಗೋಡಿನ ಕಡೆಯವರು ಪೆರ್ಲದಿಂದ ಸ್ವರ್ಗ, ಪಾಣಾಜೆಗಳ ಮೂಲಕ ಗಡಿ ದಾಟಿ ಹೋಗಬಹುದು. ಮೆಟ್ಟಿಲುಗಳಿರುವ ಕಟ್ಟಿದ ಕೊಳದಲ್ಲಿ ನೀರು ತುಂಬಿಕೊಳ್ಳುತ್ತದೆ. ಹತ್ತಿರ ಹೋದಾಗ ಗಂಧಕದ ತೆಳುವಾದ ವಾಸನೆ ಬರುತ್ತದೆ. ನೀರಿನ ಬಿಸಿ ನಮ್ಮ ಮೈಬಿಸಿಯ ಆಸುಪಾಸಿನದು. ಹಿಮಾಲಯದ ಕುಂಡಗಳಂತೆ ಅಕ್ಕಿ ಬೇಯಿಸುವಂಥದ್ದಲ್ಲ. ಚರ್ಮರೋಗಕ್ಕೆ ಇಲ್ಲಿನ ಸ್ನಾನ ಒಳ್ಳೆಯದೆಂಬ ನಂಬಿಕೆ ಬಹಳ ಹಿಂದಿನಿಂದ ಇದೆ. ಆಟಿ ಅಮಾವಾಸ್ಯೆಯಂತಹ ದಿನಗಳಲ್ಲಿ ತೀರ್ಥಸ್ನಾನ ಮಾಡುವ ರೂಢಿ ತುಳುನಾಡಿನಲ್ಲೆಲ್ಲ ಇರುವುದರಿಂದ ಇಂತಹ ಸ್ಥಳಗಳಿಗೆ ಧಾರ್ಮಿಕ ಮಾನ್ಯತೆಯೂ ಸೇರಿಕೊಂಡಿದೆ.

ದೊಡ್ಡ ಪ್ರವಾಸಿ ತಾಣವನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗಬಹುದು. ಮಕ್ಕಳೊಂದಿಗೆ ನಾವು ಅಲ್ಲಿಗೆ ಹೋಗಿದ್ದಾಗ, ನೀರಿಗೆ ಕೈಹಾಕಿದ ಹುಡುಗನೊಬ್ಬ “ಮಾಷ್ಟ್ರೇ, ಇದು ಬಿಸಿಯೇ ಇಲ್ಲ” ಎಂದುಬಿಟ್ಟ. ತೋಟಕ್ಕೆ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, ತಾವು ಚಿಕ್ಕವರಿದ್ದಾಗ ಬೆಳಗಿನ ಹೊತ್ತು ಕೊಳದ ಮೇಲೆ ಆವಿ ಕಾಣುತ್ತಿತ್ತೆಂದೂ ಈಗ ಸುತ್ತಲೂ ಕೊಳವೆಬಾವಿಗಳಾದ ಮೇಲೆ ನೀರು ತಣಿದಿದೆಯೆಂದೂ ಹೇಳಿದರು. ಆ ಭಾಗದ ಅನೇಕರ ಆತಂಕವೂ ಇದೇ.

ಈ ಆತಂಕಕ್ಕೆ ಭೂವಿಜ್ಞಾನದ ಆಧಾರವಿದೆ. ಕೊಳವೆಬಾವಿಯು ಮೇಲ್ಪದರದ ಮಣ್ಣನ್ನು ದಾಟಿ ಗಟ್ಟಿಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಬಿಸಿನೀರು ಮೇಲೇರುವುದೂ ಅಂತಹ ಬಿರುಕುಗಳ ಮೂಲಕವೇ. ಅಲ್ಲಿಂದ ನೀರನ್ನು ಎಳೆದಾಗ ಒತ್ತಡ ಕುಸಿಯುತ್ತದೆ, ಬುಗ್ಗೆಯ ಹರಿವು ಇಳಿಯುತ್ತದೆ, ಮೇಲ್ಪದರದ ತಣ್ಣೀರು ಒಳನುಗ್ಗಿ ಬೆರೆಯುತ್ತದೆ. ಬುಗ್ಗೆ ಒಂದೇ ದಿನದಲ್ಲಿ ಬತ್ತುವುದಿಲ್ಲ. ಯಾರಿಗೂ ಗೊತ್ತಾಗದಂತೆ ಸಾಮಾನ್ಯ ಕೆರೆಯಾಗಿಬಿಡುತ್ತದೆ. ಬೆಂದ್ರ್ ಎಂಬ ಹೆಸರಿನ ಅರ್ಥ ಈಗಾಗಲೇ ಮಸುಕಾಗಿದೆ. ಬಿಸಿಯೂ ಹೋದರೆ ಉಳಿಯುವುದೇನು?

ಕೆಂಪುಕಲ್ಲು: ಈ ಪಯಣದ ಬೆನ್ನೆಲುಬು

ಇರ್ದೆಯಿಂದ ಪೆರ್ಲ, ಬದಿಯಡ್ಕಗಳ ಮೂಲಕ ಕಡಲಿನತ್ತ ಇಳಿಯುವಾಗ ದಾರಿಯ ಎರಡು ಬದಿಗಳಲ್ಲೂ ಕಾಣುವುದು ಕೆಂಪುಕಲ್ಲಿನ ನೆಲ. ನಮ್ಮಲ್ಲಿ ಇದಕ್ಕೆ ಮುರಕಲ್ಲು ಎಂದೂ ಹೆಸರು. ಇದೇ ಕಲ್ಲಿಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರನ್ನಿಟ್ಟವರು ಫ್ರಾನ್ಸಿಸ್ ಬುಕಾನನ್. ಅವರು 1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರಿನಲ್ಲಿ ಸಂಚರಿಸಿ ಬರೆದ ಗ್ರಂಥವು 1807ರಲ್ಲಿ ಪ್ರಕಟವಾಯಿತು. ನೆಲದಲ್ಲಿರುವಾಗ ಕೊಡಲಿಗೆ ಸಿಗುವಷ್ಟು ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಗುಣವನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅವರು ಆ ಹೆಸರನ್ನು ಮಾಡಿದರು.

ಈ ಕಲ್ಲಿನ ಗುಣವನ್ನು ಬುಕಾನನ್‌ಗಿಂತ ಬಹು ಹಿಂದೆಯೇ ಇಲ್ಲಿನ ಜನ ಅರಿತಿದ್ದರು. ಜಿಲ್ಲೆಯ ದಕ್ಷಿಣ ಭಾಗದಲ್ಲಿ, ನೀಲೇಶ್ವರದ ಸುತ್ತಲಿನ ಗುಡ್ಡಗಳಲ್ಲಿ, ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಸಮಾಧಿ ಗುಹೆಗಳು ದೊರೆತಿವೆ. ಕೆಂಪುಕಲ್ಲನ್ನೇ ಕೊರೆದು ಬಾಗಿಲು, ಕೋಣೆ, ಮೇಲೊಂದು ದುಂಡನೆಯ ರಂಧ್ರವಿರುವಂತೆ ಮಾಡಿದ ಈ ಗುಹೆಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ನಮ್ಮ ನೆಲದ ಅವಶೇಷಗಳಲ್ಲಿ ಇವು ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತವೆ.

ಅದೇ ಕಲ್ಲನ್ನು ಕೊರೆದು ನೀರು ಪಡೆಯುವ ವಿದ್ಯೆ ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿಯೂ ಗಡಿಯಾಚೆಯ ಬಂಟ್ವಾಳ ತಾಲೂಕಿನ ಹಳ್ಳಿಗಳಲ್ಲಿಯೂ ಗುಡ್ಡದ ಬದಿಯಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಅಗಲ, ಎತ್ತರಕ್ಕೆ ಅಡ್ಡಲಾಗಿ ತೋಡಿದ ಇವುಗಳಿಂದ ನೀರು ತಾನಾಗಿಯೇ ಹರಿದುಬರುತ್ತದೆ. ಹಗ್ಗ, ರಾಟೆ, ವಿದ್ಯುತ್ತು ಯಾವುದೂ ಬೇಡ. ಎಣ್ಮಕಜೆಯ ವಾಣೀನಗರದ ಜಲಪತ್ರಕರ್ತ ಶ್ರೀಪಡ್ರೆಯವರು ಈ ವಿದ್ಯೆಯ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಬೆಂದ್ರ್ ತೀರ್ಥವನ್ನು ನೋಡಿ ಬರುವಾಗ ಒಂದು ಸುರಂಗವನ್ನೂ ಮಕ್ಕಳಿಗೆ ತೋರಿಸಬೇಕೆಂದು ನಾವು ಒತ್ತಾಯಿಸುವುದಕ್ಕೆ ಕಾರಣವಿದೆ. ಸುರಂಗವು ಮೇಲಿನ ಕೆಂಪುಕಲ್ಲಿನ ಪದರವು ಹೀರಿಕೊಂಡ ಮಳೆನೀರನ್ನಷ್ಟೇ ಪಡೆಯುತ್ತದೆ. ಆಳದ ಬಂಡೆಯನ್ನು ಮುಟ್ಟುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಗೆ ಒಪ್ಪುವ ಮಿತವಾದ ಕ್ರಮವದು. ಕೊಳವೆಬಾವಿಯಿಂದ ಬಿಸಿನೀರಿಗೆ ಏನಾಗುತ್ತದೆಂಬುದನ್ನು ಸುರಂಗದೆದುರು ನಿಂತು ವಿವರಿಸಿದರೆ ಐದನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಕುಂಬಳೆ ಮತ್ತು ಅನಂತಪುರ

ಬದಿಯಡ್ಕದಿಂದ ಕುಂಬಳೆಯ ಕಡೆಗೆ ಹೋಗುವ ದಾರಿಯಲ್ಲಿ ನಾಯ್ಕಾಪಿನ ಬಳಿ ಅನಂತಪುರದ ಸರೋವರ ದೇವಾಲಯವಿದೆ. ಕೆಂಪುಕಲ್ಲಿನ ಬೋಳುಪಾರೆಯ ನಡುವೆ ಬೇಸಗೆಯಲ್ಲೂ ಬತ್ತದ ಸರೋವರ, ಅದರ ಮಧ್ಯದಲ್ಲಿ ಗರ್ಭಗುಡಿ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವಿದೆಂಬುದು ಸ್ಥಳದ ನಂಬಿಕೆ. ಇಲ್ಲಿನ ಮೂಲ ವಿಗ್ರಹಗಳು ಶಿಲೆಯವಾಗಿರಲಿಲ್ಲ; ಕಡುಶರ್ಕರ ಪಾಕವೆಂಬ ಸಾಂಪ್ರದಾಯಿಕ ಮಿಶ್ರಣದವಾಗಿದ್ದವು. ಸರೋವರದಲ್ಲಿ ಬಹುಕಾಲ ಬದುಕಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಎರಡೂ ಭಾಷೆಗಳ ಜನ ಕೈಮುಗಿದು ಬೀಳ್ಕೊಟ್ಟರು.

ಕುಂಬಳೆಯು ಒಂದು ಕಾಲದಲ್ಲಿ ಅರಸುಮನೆತನದ ನೆಲೆ. ಹೆದ್ದಾರಿಯ ಬದಿಯಲ್ಲಿ ಆರಿಕ್ಕಾಡಿಯ ಕೋಟೆಯ ಅವಶೇಷಗಳು ಕಾಣುತ್ತವೆ. ಕೋಟೆಗಳಿಗಿಂತಲೂ ಶತಮಾನಗಳಷ್ಟು ಹಿಂದಿನದು ಕಾಸರಗೋಡಿನ ತಳಂಗರೆಯ ಜಯಸಿಂಹನೆಂಬ ಅರಸನ ಶಾಸನ; ಅದರ ಭಾಷೆ ಕನ್ನಡ. ಕಾಸರಗೋಡಿನಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದದ್ದಲ್ಲವೆಂಬುದಕ್ಕೆ ನಾವು ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಆ ಕಲ್ಲನ್ನು ಓದಿದರೆ ಸಾಕು.

ಕೆಳದಿಯವರ ಕೋಟೆಗಳು

ಕಾಸರಗೋಡು ದಾಟಿದೊಡನೆ ಚಂದ್ರಗಿರಿ ಹೊಳೆ. ಕೊಡಗಿನ ಕಡೆಯಿಂದ ಪಯಸ್ವಿನಿಯಾಗಿ ಬರುವ ಈ ಹೊಳೆಯ ದಕ್ಷಿಣ ದಡದ ದಿಣ್ಣೆಯ ಮೇಲೆ ಚಂದ್ರಗಿರಿ ಕೋಟೆಯಿದೆ. ಸುಮಾರು ಏಳು ಎಕರೆಯ ಈ ಕೋಟೆಯಿಂದ ಹೊಳೆ ಕಡಲನ್ನು ಸೇರುವ ಅಳಿವೆಯನ್ನು ಕಾಣಬಹುದು. ಮಹಾಜನ ಆಯೋಗವು ಈ ಹೊಳೆಯ ಉತ್ತರ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಹೀಗೆ ಒಂದು ಕಾಲದ ರಾಜ್ಯಗಳ ಕಾವಲುಗೆರೆಯೇ ಇನ್ನೊಂದು ಕಾಲದ ಕಡತದಲ್ಲಿ ಮತ್ತೆ ಕಾಣಿಸಿಕೊಂಡಿತು.

ಅಲ್ಲಿಂದ ಮುಂದೆ ಬೇಕಲ. ಇಕ್ಕೇರಿ ಬಿದನೂರುಗಳಿಂದ ಆಳಿದ ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ, ಸುಮಾರು 1650ರ ಹೊತ್ತಿಗೆ, ಈ ಕೋಟೆ ಕಟ್ಟಲ್ಪಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಸುಮಾರು 40 ಎಕರೆ ವಿಸ್ತಾರದ ಇದು ಕೇರಳದ ಅತಿ ದೊಡ್ಡ ಕೋಟೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ವಶಕ್ಕೆ ಬಂದು, ಟಿಪ್ಪುವಿನ ಕಾಲದಲ್ಲಿ ಸೈನಿಕ ನೆಲೆಯಾಗಿ, ಆತನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಮುಂದೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಬೇಕಲ ತಾಲೂಕಿನ ಕೇಂದ್ರವಾಗಿತ್ತು. ಆ ತಾಲೂಕೇ ಬಳಿಕ ಕಾಸರಗೋಡು ತಾಲೂಕಾಯಿತು.

ಕೋಟೆಯೊಳಗೆ ಗಮನಿಸಬೇಕಾದವು: ಇಳಿಜಾರು ದಾರಿಯಲ್ಲಿ ಏರುವ ವೀಕ್ಷಣಾ ಬುರುಜು, ಮೆಟ್ಟಿಲುಗಳುಳ್ಳ ನೀರಿನ ಕೊಳ, ಮದ್ದಿನ ಮನೆ, ದಕ್ಷಿಣಕ್ಕೆ ತೆರೆಯುವ ನೆಲದಡಿಯ ದಾರಿ, ಉತ್ಖನನದಲ್ಲಿ ಬೆಳಕಿಗೆ ಬಂದ ಕಟ್ಟಡಗಳ ತಳಪಾಯ. ಕಡಲ ಬದಿಯ ಗೋಡೆಯ ಗುಂಡಿಕಂಡಿಗಳನ್ನು ಮಕ್ಕಳು ಬಗ್ಗಿ ನೋಡಬೇಕು. ಒಂದು ದೂರದ ಹಡಗಿಗೆ, ಒಂದು ಹತ್ತಿರ ಬಂದವರಿಗೆ, ಇನ್ನೊಂದು ಗೋಡೆಯ ಬುಡಕ್ಕೇ ಬಂದವರಿಗೆ ಗುರಿಯಿಡುವಂತೆ ಬೇರೆ ಬೇರೆ ಓರೆಯಲ್ಲಿ ಅವನ್ನು ಬಿಟ್ಟಿದ್ದಾರೆ. ಕೋಟೆಯ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿಯೂ ಹತ್ತಿರದಲ್ಲಿ ಹಳೆಯ ಮಸೀದಿಯೂ ಇವೆ.

1995ರಲ್ಲಿ ತೆರೆಕಂಡ ‘ಬಾಂಬೆ’ ಚಲನಚಿತ್ರದ ಒಂದು ಹಾಡಿನಿಂದ ಈ ಕೋಟೆ ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ ಅಲ್ಲಿಗೆ ಬರುವವರಲ್ಲಿ ಕೆಳದಿಯ ಹೆಸರನ್ನು ಕೇಳಿದವರು ಕಡಿಮೆ. ಒಮ್ಮೆ ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು ಬುರುಜಿನ ಮೇಲೆ ನಿಂತು, “ಮಾಷ್ಟ್ರೇ, ಇದನ್ನು ಕಟ್ಟಿದವರು ಕನ್ನಡದವರಾ?” ಎಂದು ಕೇಳಿದಳು. ಹೌದೆಂದೆವು. ಅವಳು ಸುಮ್ಮನೆ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಆ ಉತ್ತರ ಸಾಲದೆಂದು ನಮಗೆ ಅನಿಸಿತು. ಕಟ್ಟಿಸಿದ ಅರಸರ ಆಡಳಿತದ ಭಾಷೆ ಕನ್ನಡ ನಿಜ. ಕಲ್ಲು ಕಡಿದವರು, ಹೊತ್ತವರು ತುಳು, ಮಲಯಾಳ ಆಡುವ ನೆರೆಯ ಊರುಗಳವರೂ ಆಗಿದ್ದಿರಬೇಕು. ಕೋಟೆಯ ಕಾವಲಿಗೆ ನೆಲೆನಿಂತ ರಾಮಕ್ಷತ್ರಿಯರ ಕುಟುಂಬಗಳು ಬೇಕಲ, ಹೊಸದುರ್ಗಗಳಲ್ಲಿ ಇಂದಿಗೂ ಕನ್ನಡವನ್ನು ಉಳಿಸಿಕೊಂಡಿವೆ. ಅವರ ನೆರೆಯವರು ಮಲಯಾಳಿಗಳು. ಕೋಟೆ ನಮ್ಮದು ಮಾತ್ರವೆಂದು ಹೇಳಿದರೆ ಅದು ಚರಿತ್ರೆಯಲ್ಲ. ಆದರೆ ಅದರ ಕಥೆಯಿಂದ ಕನ್ನಡದ ಪಾಲನ್ನು ಬಿಟ್ಟುಬಿಟ್ಟರೆ ಅದೂ ಚರಿತ್ರೆಯಲ್ಲ. ಮರುದಿನ ತರಗತಿಯಲ್ಲಿ ಈ ಎರಡನ್ನೂ ಹೇಳಿದೆವು.

ಹೆಸರುಗಳ ವಿಷಯ

ಅವಶೇಷವೆಂದರೆ ಕಲ್ಲು ಮಾತ್ರವಲ್ಲ, ಹೆಸರೂ ಒಂದು ಅವಶೇಷ. ಕಾಞಂಗಾಡಿನ ಹೊಸದುರ್ಗವನ್ನು ಕೆಳದಿಯ ಸೋಮಶೇಖರ ನಾಯಕನ ಕಾಲದ್ದೆಂದು ಹೇಳುತ್ತಾರೆ. ಮಲಯಾಳದಲ್ಲಿ ಅದೇ ಪುದಿಯಕೋಟ್ಟ. ಅರ್ಥ ಒಂದೇ, ಹೊಸ ಕೋಟೆ. ಎರಡು ಭಾಷೆಗಳವರೂ ತಮ್ಮ ತಮ್ಮ ಮಾತಿನಲ್ಲಿ ಒಂದೇ ಹೆಸರನ್ನು ಇಟ್ಟುಕೊಂಡು ಬಾಳಿದ ಸಾಕ್ಷಿಯಿದು. ಇದರಲ್ಲಿ ನಮಗೆ ದೂರಿಲ್ಲ. ಕುಂಬಳೆ, ಮಂಜೇಶ್ವರ, ಬೇಕಲ ಎಂಬ ಕನ್ನಡ ರೂಪಗಳನ್ನು ನಮ್ಮವರೇ ಬರೆಯುವಾಗ ಕುಂಬಳ, ಮಂಜೇಶ್ವರಂ, ಬೇಕಲ್ ಎಂದು ಬರೆಯುವುದರಲ್ಲಿ ದೂರಿದೆ. ಪರರು ನಮ್ಮ ಹೆಸರನ್ನು ಬದಲಿಸಿದರೆಂದು ಮನವಿ ಸಲ್ಲಿಸುವ ಮೊದಲು ನಮ್ಮ ಆಮಂತ್ರಣ ಪತ್ರಗಳನ್ನು ತಿದ್ದಿಕೊಳ್ಳೋಣ.

ಹೋಗುವವರಿಗೆ ಸೂಚನೆಗಳು

ಪಯಣಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಅವಸರ ಬೇಡ. ಮೊದಲ ದಿನ ಬೆಂದ್ರ್ ತೀರ್ಥ, ಸುರಂಗ, ಅನಂತಪುರ. ಎರಡನೆಯ ದಿನ ಆರಿಕ್ಕಾಡಿ, ಚಂದ್ರಗಿರಿ, ಬೇಕಲ ಎಂದು ಹಂಚಿಕೊಳ್ಳುವುದು ಲೇಸು. ಬೇಕಲಕ್ಕೆ ಸಂಜೆಯ ಹೊತ್ತು ಚೆಂದ. ರೈಲಿನಲ್ಲಿ ಬರುವವರಿಗೆ ಕೋಟೆಯ ಹೆಸರಿನ ನಿಲ್ದಾಣವೇ ಇದೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಬಿಸಿನೀರಿನಲ್ಲಿ ಸಾಬೂನು ಬಳಸಬಾರದು. ತಲೆ ಮುಳುಗಿಸುವುದು, ಧುಮುಕುವುದು, ಮೂಗಿಗೆ ನೀರೇರಿಸುವುದು ಬೇಡ. ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮೆದುಳನ್ನು ಸೇರಿ ಪ್ರಾಣಕ್ಕೆ ಅಪಾಯ ತರಬಲ್ಲದು. 2024 ಮತ್ತು 2025ರಲ್ಲಿ ಕೇರಳದಲ್ಲಿ ಇಂತಹ ಮೆದುಳುಜ್ವರದ ಪ್ರಕರಣಗಳು ವರದಿಯಾದವು. ಕುಡಿದರೆ ಈ ರೋಗ ಬರುವುದಿಲ್ಲ, ಮೂಗಿಗೆ ಹೋದರೆ ಬರಬಹುದು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಹೃದ್ರೋಗಿಗಳು, ಗರ್ಭಿಣಿಯರು, ಗಾಯವಿರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಚರ್ಮರೋಗಕ್ಕೆ ತೀರ್ಥಸ್ನಾನ ಔಷಧಿಗೆ ಬದಲಿಯಲ್ಲ.

ಕೋಟೆಗಳ ಮೇಲೆ ಮಳೆಗಾಲದಲ್ಲಿ ಹಾವಸೆ ಕಟ್ಟಿ ಕಾಲು ಜಾರುತ್ತದೆ. ಕೆಂಪುಕಲ್ಲಿನ ಮೇಲೆ ಹೆಸರು ಕೆತ್ತುವ ಚಟ ನಮ್ಮ ಯುವಕರಲ್ಲೂ ಇದೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ 1958ರ ಕಾಯ್ದೆಯಂತೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿಧಿಯಾಸೆಗೆ ಹಳೆಯ ಕೋಟೆಗಳ ನೆಲವನ್ನು ಅಗೆಯುವುದು ಕಂಡುಬಂದರೆ ಪೊಲೀಸರಿಗೆ ತಿಳಿಸಬೇಕು.

ಶಾಲೆಗಳಿಗೆ ಒಂದು ಕೆಲಸ

ಪ್ರವಾಸ ಮುಗಿಸಿ ಬಂದು ಪ್ರಬಂಧ ಬರೆಸುವುದು ರೂಢಿ. ಅದರೊಡನೆ ಇನ್ನೊಂದು ಕೆಲಸವನ್ನು ಸೂಚಿಸುತ್ತೇವೆ. ಬೆಂದ್ರ್ ತೀರ್ಥಕ್ಕೆ ಹೋಗುವ ಪ್ರತಿ ಶಾಲೆಯೂ ಪ್ರಯೋಗಾಲಯದ ಒಂದು ಥರ್ಮಾಮೀಟರನ್ನು ಒಯ್ಯಲಿ. ನೀರು ಉಕ್ಕುವ ಮೂಲೆಯಲ್ಲಿ, ಬೆಳಗಿನ ಹೊತ್ತು, ಪ್ರತಿವರ್ಷವೂ ಅದೇ ತಿಂಗಳಲ್ಲಿ ಬಿಸಿಯನ್ನು ಅಳೆದು, ದಿನಾಂಕದೊಂದಿಗೆ ಶಾಲೆಯ ಪುಸ್ತಕದಲ್ಲಿ ಬರೆದಿಡಲಿ. ನಾವು ಇದನ್ನು ಆರಂಭಿಸಿದ್ದೇವೆ. ಹಿರಿಯರ ನೆನಪನ್ನು ಯಾವ ಕಚೇರಿಯೂ ಪುರಾವೆಯೆಂದು ಒಪ್ಪುವುದಿಲ್ಲ. ಹತ್ತು ಶಾಲೆಗಳು ಹತ್ತು ವರ್ಷ ಬರೆದಿಟ್ಟ ಅಂಕಿಗಳನ್ನು ಅಲ್ಲಗಳೆಯುವುದು ಕಷ್ಟ. ನೀರು ನಿಜವಾಗಿ ತಣಿಯುತ್ತಿದೆಯೇ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಡುವಂತಾಗಲಿ. ಆ ಪುಸ್ತಕದ ಮೊದಲ ಪುಟದಲ್ಲಿ ಸ್ಥಳದ ಹೆಸರನ್ನು ಬೆಂದ್ರ್ ತೀರ್ಥ ಎಂದು ಸರಿಯಾಗಿ ಬರೆಯಲಿ.